ಹಗ್ಗದ ಮೇಲಿನ ಅಂಗಿಗಳು

ಕೆನಡಾದ ಸ್ಟ್ರೀಟ್ಸ್‌ವಿಲ್‌ನ ಫುಟ್‌ಪಾತಿನಲ್ಲಿ ಆ ಬೇಸಿಗೆ ವಯಸ್ಸಾದ ಹೆಂಗಸೊಬ್ಬರು ತಾವೇ ಬರೆದ ಚಿತ್ರಗಳನ್ನು ಮಾರುತ್ತಿದ್ದರು. ಹಿಂದೊಮ್ಮೆ ಸಾಮ್ರಾಜ್ಯ ಆಳಿದ ಮನೆತನದವರು ಎಂದು ಜನ ಹೇಳುತ್ತಿದ್ದರು. ನನಗೆ ನಂಬಿಕೆ ಬರಲಿಲ್ಲ. ಅರಮನೆಯ ಚಿತ್ರ ಒಂದೂ ಇರಲಿಲ್ಲ. ಇದ್ದದ್ದೆಲ್ಲ ಅವರ ಈಗಿನ ಮನೆಯ ಹಿತ್ತಲು, ಹಗ್ಗದ ಮೇಲೆ ಒಣಹಾಕಿದ ಬಟ್ಟೆ. ಒಂದೊಂದು ಅಂಗಿಯ ಕೆಳಗೂ ನೆಲದ ಮೇಲೆ ಸ್ವಲ್ಪ ನಿಂತ ನೀರು ಬರೆದಿದ್ದರು. ಅದೇಕೆಂದು ನನಗೆ ಹೊಳೆಯಲಿಲ್ಲ.

ಧಾರವಾಡದಿಂದ ಬಂದಿದ್ದ ಅವ್ವ ಚಿತ್ರವೊಂದನ್ನು ಕಣ್ಣಿಗೆ ಹತ್ತಿರ ಹಿಡಿದಳು.

"ಈ ಅರಿವಿ ಯಾರು ಒಣಗ ಹಾಕ್ಯಾರ, ಕೇಳು."

ಇಂಗ್ಲಿಷಿನಲ್ಲಿ ಕೇಳಿದೆ.

"ನಾನೇ. ನನ್ನ ಕೆಲಸ ನಾನೇ ಮಾಡಿಕೊಳ್ಳುತ್ತೇನೆ," ಎಂದರು ಅವರು, ಹೆಮ್ಮೆಯಿಂದ.

ಅವ್ವ ನನ್ನ ಕಡೆ ತಿರುಗಿದಳು. "ಹಂಗಾರ ಖರೇನ ಅರಮನ್ಯಾಗ ಬೆಳೆದಾಕಿ. ಅರಿವಿ ಹಿಂಡೂದು ಇನ್ನೂ ಗೊತ್ತಿಲ್ಲ."