ತಖಿಯ್ಯಾ ಮುಚ್ಚಿದ ನೀರುಬಾಯಿ

ಸನಾ ನಗರದ ಹಳೆಪೇಟೆಯಲ್ಲಿ ತೋಟಗಳು ಬೀದಿಗಿಂತ ಆಳೆತ್ತರ ಕೆಳಗಿವೆ. ಮನೆ ಕಟ್ಟಲು ಹಿರಿಯರು ಮಣ್ಣು ತೆಗೆದ ಗುಂಡಿಗಳೇ ಆಮೇಲೆ ತೋಟಗಳಾದವು. ತಖಿಯ್ಯಾಳ ತೋಟಕ್ಕೆ ಬೀದಿಯ ಮಳೆನೀರೂ ಮಸೀದಿಯಲ್ಲಿ ಕೈಕಾಲು ತೊಳೆದ ನೀರೂ ಗೋಡೆಬುಡದ ಒಂದೇ ಬಾಯಿಯಿಂದ ಇಳಿಯುತ್ತಿದ್ದವು. ತೋಟ ಮಸೀದಿಯದು, ದುಡಿಮೆ ಅವಳ ಮನೆತನದ್ದು. ಬೆಳಗಿನ ನಮಾಜು ಮುಗಿಸಿ ಮೆಟ್ಟಿಲಿಳಿದರೆ ಬಿಸಿಲೇರುವ ತನಕ ಅವಳು ಮೇಲೆ ಬರುತ್ತಿರಲಿಲ್ಲ.

ನೀರುಬಾಯಿಯ ಮುಂದಿನ ಮಡಿಯಲ್ಲಿ ಕುರ್ರಾತ್ ಬೆಳೆಯುತ್ತಿತ್ತು. ಈರುಳ್ಳಿ ಸೊಪ್ಪಿನ ತಂಗಿಯಂಥ ಎಲೆ ಅದು. ಉಪವಾಸದ ತಿಂಗಳಲ್ಲಿ, ಮಜ್ಜಿಗೆಯಲ್ಲಿ ರೊಟ್ಟಿ ನೆನೆಸಿ ಮಾಡುವ ಶಫೂತ್‌ಗೆ ಅದಿಲ್ಲದೆ ಆಗದು. ಇಡೀ ಕೇರಿ ಆ ಮಡಿಯನ್ನೇ ನೆಚ್ಚಿತ್ತು. ತಖಿಯ್ಯಾಳ ವರ್ಷದ ಬದುಕೂ ಅದರಲ್ಲೇ ಇತ್ತು.

ಆ ಚಳಿಗಾಲದಲ್ಲಿ ಎಲೆಗಳ ತುದಿ ಸುಟ್ಟಂತಾಯಿತು. ಮಸೀದಿಯ ಚಾಕರಿ ನೋಡುವ ಹಿಜಾಮ್ ಕೈಕಾಲು ತೊಳೆಯುವಲ್ಲಿ ಪರಿಮಳದ ಸೋಪು ತಂದಿಟ್ಟಿದ್ದ.

"ನಿನ್ನ ಸೋಪು ನನ್ನ ಗಿಡಾನ ಸುಡ್ತಾ ಇದೆ ಕಣೋ."

"ಅಕ್ಕಾ, ದೇವರ ಮುಂದೆ ನಿಲ್ಲೋ ಜನ, ಸ್ವಲ್ಪ ಘಮಘಮ ಅನ್ಲಿ ಬಿಡು. ನಿನ್ನ ಗಿಡವೇನು ನಮಾಜು ಮಾಡುತ್ತಾ?"

"ಮಾಡುತ್ತೆ. ನಿನಗಿಂತ ಚೆನ್ನಾಗಿ ಬಗ್ಗುತ್ತೆ."

ಮಾತಿನಿಂದ ಸೋಪು ಕದಲಲಿಲ್ಲ. ತಖಿಯ್ಯಾ ಕಲ್ಲು ತುರುಕಿ, ಸುಣ್ಣದ ಗಾರೆ ಮೆತ್ತಿ ನೀರುಬಾಯನ್ನೇ ಮುಚ್ಚಿಬಿಟ್ಟಳು. ಹಿಜಾಮ್ ಗೊಣಗುತ್ತ ಮಸೀದಿಯ ನೀರನ್ನು ಕೊಳವೆಯಲ್ಲಿ ಹಿಂದಿನ ಸಣ್ಣ ಚರಂಡಿಗೆ ತಿರುಗಿಸಿದ. ಅವಳು ಬಾವಿಯಿಂದ ಸೇದಿ ಹೊಯ್ದಳು. ಎಲೆಗಳು ಮತ್ತೆ ಹಸಿರಾದವು. ತಿಂಗಳುಗಟ್ಟಲೆ ಒಣ ಆಕಾಶ. ಅದೇ ಬಾಯಿ ಮಳೆಗೂ ದಾರಿ ಎಂಬುದು ಇಬ್ಬರಿಗೂ ಮರೆತೇಹೋಗಿತ್ತು.

ಉಪವಾಸಕ್ಕೆ ಒಂಬತ್ತು ದಿನ ಇರುವಾಗ, ಇಳಿಹೊತ್ತಿನಲ್ಲಿ ಮಳೆ ಬಂತು. ಬೆಟ್ಟದ ಕಡೆಯಿಂದ ಗುಡುಗು, ಹಿಂದೆಯೇ ದಪ್ಪ ಹನಿ. ತಖಿಯ್ಯಾ ತೋಟದಲ್ಲಿ ಕೈಯೆತ್ತಿ ದುವಾ ಮಾಡುತ್ತಿದ್ದಾಗ ಗೋಡೆಯ ಮೇಲಿನಿಂದ ಹಿಜಾಮನ ಕೂಗು ಕೇಳಿತು.

"ಅಕ್ಕಾ! ಬೀದಿ ಕೆರೆ ಆಗಿದೆ! ನಮ್ಮನೆ ಹೊಸ್ತಿಲಿಗೆ ಬಂತು!"

ಹಿಜಾಮನ ಮನೆ ಬೀದಿಯ ತಗ್ಗಿನಲ್ಲಿ, ತೋಟದ ಗೋಡೆಗೆ ಅಂಟಿಕೊಂಡೇ ಇತ್ತು. ಐದಂತಸ್ತು ಎತ್ತರ, ಆದರೆ ಬುಡದ ಕಲ್ಲುಗಳ ನಡುವೆ ಇದ್ದದ್ದು ಬರೀ ಮಣ್ಣು. ಅದು ನೆನೆದರೆ ಮನೆ ನಿಲ್ಲದು.

ತಖಿಯ್ಯಾ ಗಾರೆಯನ್ನು ನೋಡಿದಳು. ಅದರ ಹಿಂದೆ ಮೊಣಕಾಲೆತ್ತರದ ನೀರು ತಳ್ಳುತ್ತ ನಿಂತಿತ್ತು. ಮೊದಲಾಗಿದ್ದರೆ ಬಂದ ಹಾಗೆ ಸಣ್ಣಗೆ ಇಳಿದು ಇಂಗಿಹೋಗುತ್ತಿತ್ತು. ಈಗ ತೆರೆದರೆ ನುಗ್ಗುತ್ತದೆ. ಮುಂದೆಯೇ ಕುರ್ರಾತ್ ಮಡಿ, ಕೊಯ್ಲಿಗೆ ಬಂದು ತೂಗುತ್ತಿತ್ತು.

"ಬಿಸ್ಮಿಲ್ಲಾ," ಎಂದು ಹಾರೆ ಎತ್ತಿದಳು.

ಮೂರನೇ ಏಟಿಗೆ ಗಾರೆ ಒಡೆಯಿತು. ಕೆಂಪು ನೀರು ಅವಳನ್ನು ಪಕ್ಕಕ್ಕೆ ತಳ್ಳಿ ಮಡಿಯನ್ನು ಬುಡಸಮೇತ ಕಿತ್ತುಕೊಂಡು ಹೋಯಿತು. ಮಳೆ ನಿಲ್ಲುವ ಹೊತ್ತಿಗೆ ಬೀದಿ ಬರಿದಾಗಿತ್ತು, ತೋಟದ ತುಂಬ ಕೆಸರು.

ಮರುದಿನ ಹಿಜಾಮ್, ಆ ಊರಿನ ಗಂಡಸರೆಲ್ಲ ಸೊಂಟಕ್ಕೆ ಕಟ್ಟುವ ಕಠಾರಿಯ ಪಟ್ಟಿ ಬಿಚ್ಚಿಟ್ಟು, ಗುದ್ದಲಿ ಹಿಡಿದು ಕೆಳಗಿಳಿದ.

"ಬುಡ ಒದ್ದೆ ಆಗಿದೆ, ಆದ್ರೆ ಅಲ್ಲಾಡಿಲ್ಲ," ಎಂದ. ಕೆಸರಿನ ಕಡೆ ತಿರುಗಿ, "ನಿನ್ನ ಮಡಿ..."

"ಮುಚ್ಚಿದವಳು ನಾನೇ ಅಲ್ವೇನೋ. ಮಳೆನ ದಯೆ ಅಂತೀವಿ, ಅದರ ಬಾಗಿಲಿಗೇ ಗಾರೆ ಮೆತ್ತಿದೆ."

"ಮೆತ್ತಿಸಿದ್ದು ನನ್ನ ಸೋಪು, ಅಕ್ಕಾ."

ಇಬ್ಬರೂ ಕೆಸರು ಜಾಲಿಸಿ ಬೇರುಗಳನ್ನು ಆಯ್ದರು. ಎರಡು ಬುಟ್ಟಿ ಸಿಕ್ಕಿತು. ತಖಿಯ್ಯಾ ಅವನ್ನು ಈ ಸಲ ಮೇಲಿನ ದಿಬ್ಬದಲ್ಲಿ ನೆಟ್ಟಳು. ಬಾಯಿಯ ಮುಂದಿನ ತಗ್ಗಿಗೆ ನೀರು ನುಗ್ಗಿದರೂ ತಡೆಯುವ ಮೇವಿನ ಬೆಳೆ ಕುದುರೆ ಮೆಂತ್ಯದ ಬೀಜ ಚೆಲ್ಲಿ ಅದನ್ನು ಮಳೆಗೇ ಬಿಟ್ಟಳು. ಹಿಜಾಮ್ ಸೋಪನ್ನು ಮೂಲೆಯ ಒಂದು ನಲ್ಲಿಗೆ ಸರಿಸಿ, ಅದರ ನೀರನ್ನಷ್ಟೇ ಚರಂಡಿಗೆ ಬಿಟ್ಟ. ಮಿಕ್ಕ ನೀರು ಹಳೆಯ ದಾರಿ ಹಿಡಿಯಿತು.

ಉಪವಾಸದ ಮೊದಲ ಸಂಜೆ ಕೇರಿಯ ಶಫೂತ್ ಬೆಳ್ಳಗೇ ಇತ್ತು. ತಖಿಯ್ಯಾ ಆ ತಿಂಗಳು ಮೂಲಂಗಿ ಮಾರಿ ಕಳೆದಳು. ಹಿಜಾಮನೊಬ್ಬ ಮಾತ್ರ ಶಫೂತ್ ಬಗ್ಗೆ ಗೊಣಗಿದ: "ಅಕ್ಕಾ, ಬಾಣಂತಿ ಊಟ ಮಾಡ್ದಂಗಿದೆ."

"ಮನೆ ನಿಂತಿದೆಯಲ್ಲ, ಒಳಗೆ ಕೂತು ತಿನ್ನು."

ಇಪ್ಪತ್ತಾರನೆಯ ಉಪವಾಸದ ದಿನ ದಿಬ್ಬದಲ್ಲಿ ಕೊಯ್ದದ್ದು ಒಂದೇ ಹಿಡಿ. ತಖಿಯ್ಯಾ ಅದನ್ನು ನಾರಿನಿಂದ ಕಟ್ಟಿ ಹಿಜಾಮನ ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಸಂಜೆಯ ಬಾಂಗಿಗೆ ಮುಂಚೆ ಮನೆಗೆ ನಡೆದಳು.