ಮಸಗುಪ್ಪಿಯಿಂದ ಬಂದದ್ದು

ನಿನ್ನೆ ಹೇಳುತ್ತಿದ್ದೆನಲ್ಲ ಗೆಳೆಯರೇ, ಆ ಕಬಡ್ಡಿ ಸರಣಿ ನಾಳೆಯಿಂದ ಶುರು. ನಮ್ಮ ತುಕ್ಕಾನಟ್ಟಿಗೂ ಮಸಗುಪ್ಪಿಗೂ ಮೂರು ಪಂದ್ಯ. ಇಂದು ಚಹಾದಂಗಡಿಯಲ್ಲಿ ನನ್ನ ಹೆಂಡತಿಯ ತಮ್ಮ, ಮಸಗುಪ್ಪಿಯ ಬಸಪ್ಪ, ಸಿಕ್ಕ.

"ಮಾವಾರ, ನಿಮ್ಮ ಹುಡುಗೂರು ಗೆರಿ ಮುಟ್ಟಿ ಮನಿಗೆ ಓಡ್ತಾರ ನೋಡ್ರಿ," ಎಂದ.

ಕೂತವರೆಲ್ಲ ನಕ್ಕರು. ನಾನೂ ಬಿಡಲಿಲ್ಲ. "ಮಸಗುಪ್ಪಿಯಿಂದ ನಮ್ಮೂರಿಗೆ ಛಲೋದು ಏನರ ಬಂದೈತೇನೋ?"

ಅವನು ಕಪ್ಪು ಕೆಳಗಿಟ್ಟ. "ಅಕ್ಕ ಬಂದಿದ್ಲಲ್ರಿ," ಎಂದು ಎದ್ದು ಹೋದ.

ಅವಳು ಬದುಕಿದ್ದರೆ ಇಬ್ಬರಿಗೂ ಬೈದು ಊಟಕ್ಕೆ ಕೂರಿಸುತ್ತಿದ್ದಳು. ತಪ್ಪಾಯಿತು ಎನ್ನಲು ಕಾಲೇಜಿನಲ್ಲಿ "ಐ ಬೆಗ್ ಯುವರ್" ಎಂದೇನೋ ಕಲಿಸಿದ್ದರು, ಮುಂದಿನದು ನೆನಪಿಲ್ಲ. ಕನ್ನಡದಲ್ಲೇ ಹೇಳೋಣವೆಂದರೆ ಈಗ ಅವನು ಫೋನ್ ಎತ್ತುತ್ತಿಲ್ಲ.

ಹೊತ್ತು ಮುಳುಗುತ್ತಿದೆ, ನನ್ನ ಸೈಕಲ್ಲಿಗೆ ದೀಪವಿಲ್ಲ. ಮಸಗುಪ್ಪಿಗೆ ಹೊರಟೆ. ನಾಳೆ ನಾನು ಅವರ ಕಡೆ ಕೂತಿದ್ದರೆ ನಮ್ಮೂರವರು ಕಲ್ಲು ಒಗೆಯಬೇಡಿ.