ದೋಣಿಯಲ್ಲಿ ಬದನೆ ಸಸಿ

ಕಡಲ ದಂಡೆಯ ಮನೆಗೆ ಸೊಸೆಯಾಗಿ ಬಂದವಳು ಮೀನಿನ ಬುಟ್ಟಿ ಹೊರಬೇಕು, ಹರಿದ ಬಲೆ ಹೊಲಿಯಬೇಕು, ಅತ್ತೆಯ ಮಾತಿಗೆ ಕಿವಿಯಾಗಬೇಕು. ಗಂಗೆ ಮೂರನ್ನೂ ಮಾಡಿದಳು. ಆದರೆ ಅಷ್ಟಕ್ಕೇ ಸುಮ್ಮನಿರುವ ಜಾಯಮಾನ ಅವಳದಲ್ಲ.

ಅವಳ ತವರು ಹೊನ್ನಾವರದಿಂದ ಮೇಲಕ್ಕೆ, ಶರಾವತಿ ಹೊಳೆಯ ಬದಿಯಲ್ಲಿ. ಅಲ್ಲಿ ಅವಳ ಅವ್ವ ಹಿತ್ತಲಲ್ಲಿ ವರ್ಷವೂ ಒಂದು ಜಾತಿಯ ಹಸಿರು ಬದನೆ ಬೆಳೆಯುತ್ತಿದ್ದಳು. ಗುಂಡಗೆ, ಮೈಮೇಲೆ ಬಿಳಿ ಗೀರು, ಬೇಯಿಸಿದರೆ ಬೆಣ್ಣೆ. ಎಪ್ಪತ್ತೇಳರ ಮಳೆಗಾಲದಲ್ಲಿ ಅವ್ವ ತೀರಿಕೊಂಡಳು. ಕಾರ್ಯ ಮುಗಿಸಿ ಹೊರಟ ಗಂಗೆಯ ಕಣ್ಣು ಅಡುಗೆಮನೆಯ ಗೋಡೆಯ ಮೇಲೆ ಬಿತ್ತು. ಸಗಣಿ, ಬೂದಿಯಲ್ಲಿ ಬೀಜ ಕಲಸಿ ಅವ್ವ ತಟ್ಟಿಟ್ಟ ಬಿಲ್ಲೆ ಅಲ್ಲೇ ಇತ್ತು.

"ಅದು ಯಾರಿಗೆ ಬೇಕೆ? ಪೇಟೇಲಿ ಬೀಜದ ಪೊಟ್ಟಣ ಸಿಕ್ತದೆ. ಬೇಕಾದ್ರೆ ತಕಂಡು ಹೋಗು" ಎಂದಳು ಅಣ್ಣನ ಹೆಂಡತಿ ನಾಗಿ.

ಗಂಗೆ ಬಿಲ್ಲೆಯನ್ನು ಕತ್ತಿಯಿಂದ ಎಬ್ಬಿಸಿ ಸೆರಗಿಗೆ ಕಟ್ಟಿಕೊಂಡಳು. ಆ ಬದನೆಯ ಬೀಜ ಇನ್ನೆಲ್ಲೂ ಇರಲಿಲ್ಲ. ಅವ್ವನೆಂದು ಮುಟ್ಟಿ ನೋಡುವುದಕ್ಕೆ ಅವಳಿಗೆ ಉಳಿದದ್ದೂ ಅದೊಂದೇ.

ಅತ್ತೆ ಸಣ್ಣಮ್ಮನಿಗೆ ನಗಲು ಇಷ್ಟು ಸಾಕಾಯಿತು. ಬೀಗಿತ್ತಿ ಬದುಕಿದ್ದಾಗಲೇ ಇಬ್ಬರಿಗೂ ಅಷ್ಟಕ್ಕಷ್ಟೆ. ಮದುವೆಯ ಊಟದಲ್ಲಿ ಮೀನು ಸಣ್ಣದೆಂದು ಶುರುವಾದ ಮುನಿಸು ಕೊನೆಯವರೆಗೂ ಮುಗಿದಿರಲಿಲ್ಲ.

"ಹೊಯ್ಗೆಲಿ ಬದ್ನೆಕಾಯಿ ಬೆಳೂದು ಎಂತದೆ? ನಿನ್ನ ಅವ್ವಿಗೂ ಇದೇ ಹುಚ್ಚು."

ಸಂಕ್ರಾಂತಿ ಕಳೆದು ಚಳಿ ಸಡಿಲುತ್ತಲೇ ಗಂಗೆ ಗಂಡ ಜಟ್ಟನ ಬೆನ್ನುಬಿದ್ದಳು. ಮರಳ ಹೊಯ್ಗೆಯ ನೆಲದಲ್ಲಿ ಸಸಿ ಎಬ್ಬಿಸೋಣವೆಂದರೆ ಹಗಲು ಕೋಳಿ ಕೆದರುತ್ತದೆ, ಸಂಜೆಯಾದರೆ ಏಡಿ ತೋಡುತ್ತದೆ. ಜಟ್ಟ ತಲೆ ಕೆರೆದುಕೊಂಡ. ತೆಂಗಿನ ಬುಡದಲ್ಲಿ ಅವನ ಅಪ್ಪನ ಕಾಲದ ಮುರುಕು ದೋಣಿಯಿತ್ತು. ಮಳೆಗಾಲ ಬಂತೆಂದರೆ ಅದಕ್ಕೆ ತೆಂಗಿನ ಗರಿಯ ಮಡಲು ಮುಚ್ಚಿ, ಒಳಗೆ ಮೀನಿಗೆ ಉಪ್ಪು ಹಾಕಿಡುತ್ತಿದ್ದರು.

"ಇದ್ರಲ್ಲಿ ಮಣ್ಣು ತುಂಬು, ಯಾವ ಕೋಳಿ ಬತ್ತದೆ ನೋಡ್ವ" ಎಂದ.

ಪಾಪ, ಹೆಂಡತಿಯ ಮೇಲಿನ ಅಕ್ಕರೆಗೆ ಅವನು ದೋಣಿಯನ್ನು ಅಲೆಯ ಅಂಚಿಗೆ ಎಳೆದೊಯ್ದು ತೆಂಗಿನ ಜುಂಗಿನಿಂದ ತಿಕ್ಕಿ ತಿಕ್ಕಿ ತೊಳೆದ. ದೋಣಿ ತೊಳೆಯುವುದು ಕಡಲ ನೀರಿನಲ್ಲೇ. ಅವನ ಅಜ್ಜನೂ ಹಾಗೇ ತೊಳೆದದ್ದು. ಗಂಗೆ ತವರಿನ ಕಡೆಯ ಮಣ್ಣು ತರಿಸಿ ತುಂಬಿದಳು, ಒಂದು ಬುಟ್ಟಿ ಮಣ್ಣು ಮಿಕ್ಕಿತು. ಬಿಲ್ಲೆ ಪುಡಿಮಾಡಿ ಎಲ್ಲವನ್ನೂ ಬಿತ್ತಿದಳು. ಒಂದು ಚಿಟಿಕೆ ಎತ್ತಿಡಬಾರದಿತ್ತೇ? ಆಸೆಗೆ ಅಷ್ಟೆಲ್ಲ ಬುದ್ಧಿ ಇರುವುದಿಲ್ಲ.

ಸಸಿ ಎದ್ದವು. ಗಂಗೆ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಹೋಗಿ ನೋಡುವಳು. ಎರಡೆಲೆ ಬಿಟ್ಟ ಮೇಲೆ ಅಂಚು ಕಂದಿತು. ಆಮೇಲೆ ಒಂದೊಂದೇ ಸುಟ್ಟ ಹಾಗೆ ಮುರುಟಿ ಬಿದ್ದವು. ನೀರು ಹೆಚ್ಚು ಹಾಕಿದಳು, ಕಮ್ಮಿ ಮಾಡಿದಳು, ಮಡಲಿನ ನೆರಳು ಕಟ್ಟಿದಳು, ಇಡಗುಂಜಿ ಗಣಪನಿಗೆ ಹರಕೆ ಹೊತ್ತಳು. ಸಾಯುವುದು ನಿಲ್ಲಲಿಲ್ಲ. ಕೊನೆಗೆ ದೋಣಿಯ ಅಂಚಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವ್ವ ಸತ್ತಾಗಲೂ ಅವಳು ಅಷ್ಟು ಅತ್ತಿರಲಿಲ್ಲ.

ಮೀನು ಮಾರಿ ಬಂದ ಸಣ್ಣಮ್ಮ ಅದನ್ನು ನೋಡಿದಳು. ನಗಲಿಲ್ಲ. ಬುಟ್ಟಿ ಇಳಿಸಿ, ದೋಣಿಯ ಬದಿಯ ಮಣ್ಣು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟಳು. ಥೂ ಎಂದು ಉಗಿದಳು.

"ಉಪ್ಪು ಕಣೆ! ಒಣಮೀನಾದ್ರೂ ಇಷ್ಟು ಉಪ್ಪಿಲ್ಲ. ಜಟ್ಟಾ, ಇದ್ನ ಯಾವ ನೀರಲ್ಲಿ ತೊಳ್ದ್ಯೋ?"

ಜಟ್ಟ ಕಡಲ ಕಡೆ ನೋಡಿದ. ಆ ಮನೆಯಲ್ಲಿ ಉಪ್ಪು ಎಲ್ಲೆಲ್ಲೂ ಇತ್ತು, ಹಾಗಾಗಿ ಯಾರಿಗೂ ಹೊಳೆದಿರಲಿಲ್ಲ.

ನಡುವೆ ಮಣ್ಣು ಎತ್ತರವಿದ್ದಲ್ಲಿ ನಾಲ್ಕಾರು ಸಸಿ ಇನ್ನೂ ಉಸಿರು ಹಿಡಿದಿದ್ದವು. ಸಣ್ಣಮ್ಮ ಒಳಗೆ ಹೋಗಿ ತನ್ನ ಗಂಜಿಯ ಗಡಿಗೆ ತಂದಳು. ಆ ಗಡಿಗೆಯನ್ನು ಅವಳು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕತ್ತಿಯ ಹಿಡಿಯಿಂದ ತಳಕ್ಕೆ ಒಂದು ಪೆಟ್ಟು ಕೊಟ್ಟು ತೂತು ಮಾಡಿದಳು.

"ಅತ್ತೆ, ನಿಮ್ಮ ಗಡಿಗೆ!"

"ಗಡಿಗೆ ಮಂಗಳವಾರ ಸಂತೇಲಿ ಸಿಕ್ತದೆ. ನಿನ್ನ ಅವ್ವಿ ಸಿಕ್ತಾಳೆ? ಉಳ್ದ ಮಣ್ಣು ತಾ."

ಅತ್ತೆ ಗಡಿಗೆ ಹಿಡಿದಳು, ಸೊಸೆ ಸಸಿ ಊರಿದಳು. ಸಿಹಿಬಾವಿಯ ನೀರು, ಅಕ್ಕಿ ತೊಳೆದ ನೀರು ಉಂಡು ಎರಡು ಸಸಿ ಬದುಕಿದವು. ಬಚ್ಚಲ ಬದಿಗೆ ನೆಟ್ಟು, ಕಡಲ ಗಾಳಿಗೆ ಮಡಲಿನ ತಟ್ಟಿ ಕಟ್ಟಿದರು. ಮಳೆಗೆ ಮುಂಚೆ ಕಾಯಿ ಬಿಟ್ಟಿತು. ಸಿಗಡಿ ಹಾಕಿ ಸಾರು ಮಾಡಬೇಕೆಂದು ಜಟ್ಟನ ಬಾಯಲ್ಲಿ ನೀರೂರಿತು. ಸಣ್ಣಮ್ಮ ಕಾಯಿಗೆ ಕೈ ಹಾಕಗೊಡಲಿಲ್ಲ. "ಹಣ್ಣಾಗ್ಲಿ. ಬೀಜ ಆದ್ಮೇಲೆ ಸಾರು."

ದೋಣಿಯದೂ ಬೇರೆ ಕತೆಯಾಯಿತು. ಒಣಮೀನಿನ ಉಪ್ಪು ಬಿಡಿಸುವ ಹಾಗೆ ಅದಕ್ಕೂ ಬಿಡಿಸಬೇಕೆಂದು ಸಣ್ಣಮ್ಮ ಹಟ ಹಿಡಿದಳು. ಮಣ್ಣು ತೆಗೆಸಿ, ತಳದ ಬಿರಟೆ ಕೀಳಿಸಿ, ಇಡೀ ಮಳೆಗಾಲ ಬಾನಿಗೆ ಬಾಯ್ತೆರೆದು ಇಡಿಸಿದಳು. ಮಳೆ ನಿಂತ ಮೇಲೆ ಮರವನ್ನು ಸ್ವತಃ ನೆಕ್ಕಿ ನೋಡಿ, "ಆತು" ಎಂದಳು. ಮರುವರ್ಷ ದೋಣಿ ತುಂಬ ಸಸಿ. ಎಂಬತ್ತರ ಹೊತ್ತಿಗೆ ದಂಡೆಯ ಅರ್ಧ ಹಿತ್ತಲುಗಳಲ್ಲಿ ಹಸಿರು ಬದನೆ ತೂಗುತ್ತಿತ್ತು. ಸಸಿ ಕೇಳಿ ಬಂದವರಿಗೆ ಗಂಗೆ ಬಾಳೆಪಟ್ಟೆಯಲ್ಲಿ ಸುತ್ತಿ ಕೊಡುವಳು, ಬರಿಗೈಯಲ್ಲಿ ಯಾರನ್ನೂ ಕಳಿಸಲಿಲ್ಲ.

ಒಂದು ಬೇಸಿಗೆಯಲ್ಲಿ ತವರಿನಿಂದ ಅದೇ ನಾಗಿ ಬಂದಳು. ಪೊಟ್ಟಣದ ಬೀಜದ ಕಾಯಿಗೆ ರುಚಿಯಿಲ್ಲವಂತೆ, ಅಣ್ಣ ಉಣ್ಣುವಾಗೆಲ್ಲ ಅವ್ವನ ಬದನೆ ನೆನೆಯುತ್ತಾನಂತೆ. ಗಂಗೆ ಅತ್ತೆಯ ಮುಖ ನೋಡಿದಳು. ಸಣ್ಣಮ್ಮ ಮೆಲ್ಲಗೆ ಎದ್ದು, ತಾನೇ ಗೋಡೆಗೆ ತಟ್ಟಿದ್ದ ಬಿಲ್ಲೆಗಳಲ್ಲಿ ದೊಡ್ಡದನ್ನು ಎಬ್ಬಿಸಿ ನಾಗಿಯ ಕೈಯಲ್ಲಿಟ್ಟಳು.

"ಜೋಪಾನ ಮಾಡೆ. ಇದು ನನ್ನ ಬೀಗಿತ್ತಿದು."